ಹಳದಿ ನಂಬರ್ ಪ್ಲೇಟು

ಕೊಟ್ಟೂರಿನ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ನಾನು ಬರೀ ಡ್ರೈವರ್. ಬಾಡಿಗೆ ಇಲ್ಲದ ಹೊತ್ತು ಎದುರಿನ ಇಂಟರ್‌ನೆಟ್ ಸೆಂಟರಿಗೆ ಹೋದರೆ ದೊಡ್ಡ ಮನುಷ್ಯ. ಕಾರಿನ ಹುಚ್ಚಿದ್ದವರ ವೆಬ್‌ಸೈಟೊಂದಿತ್ತು. ನಾನು ಹೇಳಿದ್ದನ್ನು ಸೆಂಟರಿನ ವೀರಣ್ಣ ಅಲ್ಲಿ ಇಂಗ್ಲಿಷಿನಲ್ಲಿ ಬರೆಯುತ್ತಿದ್ದ. ನಾನು ಓಡಿಸುತ್ತಿದ್ದ ಸಾಹುಕಾರರ ಕಾರನ್ನು ‘ನನ್ನ ಕಾರು’ ಅಂತಲೇ ಬರೆಸಿದ್ದೆ. ಎಲ್ಲರೂ ನನಗೆ ಸರ್ ಅನ್ನುತ್ತಿದ್ದರು. ಹುಬ್ಬಳ್ಳಿಯ ಹಿರಿಯರೊಬ್ಬರು ಮಾತ್ರ ಕ್ಲಚ್ಚಿನ ವಿಷಯಕ್ಕೆ ಮೂರು ವರ್ಷ ಜಗಳಾಡಿದರು.

ವೆಬ್‌ಸೈಟು ಮುಚ್ಚುವ ದಿನ, ಕೊನೆಯ ಸಲ ಎಲ್ಲರೂ ತಮ್ಮ ಕಾರಿನ ಫೋಟೋ ಹಾಕಬೇಕೆಂದಾಯಿತು. ಕೆಸರು ಮೆತ್ತಿದ ಕಾರನ್ನು ಹಾಗೇ ತೆಗಿ ಅಂದೆ. ವೀರಣ್ಣ ಕೇಳಲಿಲ್ಲ.

“ತೊಳೀಲಾರದ ಗಾಡಿಗಿ ಯಾರಾರ ಪೂಜಿ ಮಾಡ್ತಾರೇನಣ್ಣಾ? ಕಡೀ ಫೋಟೋ ಐತಿ.”

ತಾನೇ ಬಕೆಟ್ ತಂದು ತೊಳೆದ. ಬಾನೆಟ್ಟಿಗೆ ವಿಭೂತಿ ಎಳೆದು, ನಿಂಬೆಹಣ್ಣು ಕಟ್ಟಿ, ಫೋಟೋ ತೆಗೆದು ಹಾಕಿಬಿಟ್ಟ. ಪರದೆಯ ಮೇಲೆ ನೋಡಿದೆ. ಬಾಡಿಗೆ ಗಾಡಿಯ ಹಳದಿ ನಂಬರ್ ಪ್ಲೇಟು ಬಂಗಾರದಂತೆ ಹೊಳೆಯುತ್ತಿತ್ತು.

ಮೊದಲ ಉತ್ತರ ಹುಬ್ಬಳ್ಳಿಯವರದೇ. ವೀರಣ್ಣ ಓದಿ ಹೇಳಿದ: “ನೀನು ಡ್ರೈವರ್ ಅಂತ ಅವರಿಗಿ ಗೊತ್ತಾತಂತಣ್ಣಾ. ಅವರಿಗಿ ಕಾರ್ ಓಡ್ಸಾಕ ಬರಂಗಿಲ್ಲಂತ. ಇಷ್ಟು ದಿನ ಬರದದ್ದೆಲ್ಲ ಅವರ ಡ್ರೈವರ್ ಹೇಳಿದ್ದಂತ.”

“ಆ ಡ್ರೈವರ್ ಹೆಸರೇನಂತ ಕೇಳೋ” ಅಂದೆ. ವೀರಣ್ಣ ಬರೆದು ಮುಗಿಸುವಷ್ಟರಲ್ಲಿ ವೆಬ್‌ಸೈಟು ಮುಚ್ಚಿತ್ತು.

ಈಗ ಸ್ಟ್ಯಾಂಡಿಗೆ ಹುಬ್ಬಳ್ಳಿ ನಂಬರಿನ ಕಾರು ಬಂದರೆ ನಾನು ಹಿಂದಿನ ಸೀಟಿನವರ ಕಡೆ ನೋಡುವುದಿಲ್ಲ. ಡ್ರೈವರಿಗೆ ಚಾ ತರಿಸಿ, ಮೆಲ್ಲಗೆ ಕ್ಲಚ್ಚಿನ ಮಾತು ತೆಗೆಯುತ್ತೇನೆ. ಜಗಳಕ್ಕೆ ನಿಂತರೆ ಅವನೇ.