ಶಿವಾನಂದನ ಟ್ಯಾಬ್

ಆಫೀಸ್ ಕೆಲಸಕ್ಕೆ ಟ್ಯಾಬ್ ಸಾಕು, ಲ್ಯಾಪ್‌ಟಾಪ್ ಯಾಕೆ ಎನ್ನುವ ಗೆಳೆಯರೆಲ್ಲ ಒಂದು ನಿಮಿಷ ಇಲ್ಲಿ ಕೇಳಿ.

ಇವತ್ತು ಬೆಳಿಗ್ಗೆ ಹೆಬ್ಬಾಳದ ನಮ್ಮ ಆಫೀಸಿನಲ್ಲಿ ನನ್ನ ಲ್ಯಾಪ್‌ಟಾಪ್ ವಾಪಸ್ ತೆಗೆದುಕೊಂಡು ಶಿವಾನಂದನ ಟ್ಯಾಬ್ ಕೊಟ್ಟರು. ಶಿವಾನಂದ ಕಲಬುರಗಿಯವನು, ನನ್ನ ಪಕ್ಕದ ಸೀಟಿನವನು. ಹೋದ ತಿಂಗಳು ಹಾರ್ಟ್ ಅಟ್ಯಾಕ್ ಆಗಿ ಅದೇ ಸೀಟಿನಲ್ಲಿ ತೀರಿಕೊಂಡ. "ಹುಷಾರಿಲ್ಲ ಅಂತ ಒಂದ್ ಮಾತು ಹೇಳಿದ್ರೆ ನಾನೇ ಮನೆಗೆ ಕಳಿಸ್ತಿದ್ದೆ ಕಣ್ರೀ" ಎಂದು ಮ್ಯಾನೇಜರ್ ಅವತ್ತು ಎಲ್ಲರೆದುರು ಕಣ್ಣು ಒರೆಸಿಕೊಂಡಿದ್ದರು.

ಇವತ್ತು ಆ ಮ್ಯಾನೇಜರ್‌ಗೇ ಮೆಸೇಜ್ ಹಾಕೋಣವೆಂದು ಟ್ಯಾಬಿನಲ್ಲಿ 'ಸ' ಒತ್ತಿದೆ. ಕೀಬೋರ್ಡ್ ತಾನಾಗಿಯೇ 'ಸರ' ಎಂದು ತೋರಿಸಿತು. ಮುಟ್ಟಿದೆ. 'ಎದಿ' ಬಂತು. ಅದು ತೋರಿಸಿದ ಪದಗಳನ್ನೇ ಮುಟ್ಟುತ್ತಾ ಹೋದೆ. ಸಾಲು ಪೂರ್ತಿಯಾಯಿತು: 'ಸರ ಎದಿ ನೋಯ್ಲಾಕತ್ತದ ಇವತ್ತೊಂದಿನ ರಜಾ ಕೊಡ್ರಿ.'

ಇದು ಕೀಬೋರ್ಡಿನ ಕನ್ನಡವಲ್ಲ, ಶಿವಾನಂದನ ಕಲಬುರಗಿ ಕನ್ನಡ. ಅವನು ಮತ್ತೆ ಮತ್ತೆ ಬರೆಯದೆ ಅದಕ್ಕೆ ಹೀಗೆ ಬಾಯಿಪಾಠ ಆಗುವುದಿಲ್ಲ.

ಟ್ಯಾಬ್ ಒಯ್ದು ಮ್ಯಾನೇಜರ್ ಮುಂದೆ ಹಿಡಿದೆ. ಓದಿದರು. ಇನ್ನೊಮ್ಮೆ ಓದಿದರು.

"ಐಟಿಯವ್ರು ರೀಸೆಟ್ ಮಾಡ್ದೆ ಕೊಟ್ಬಿಟ್ಟಿದಾರೆ. ಮೊದ್ಲು ಮಾಡಿಸ್ಕೊಂಡ್ ಬನ್ನಿ."

"ಸರ್, ಇದು ಶಿವಾನಂದ ನಿಮ್ಗೆ..."

"ರೀಸೆಟ್ ಮಾಡ್ಸಿ ಅಂದೆ ಅಲ್ವೇನ್ರೀ?"

ಮಧ್ಯಾಹ್ನದ ಹೊತ್ತಿಗೆ ರೀಸೆಟ್ ಆಗಿ ಬಂತು. ಈಗ 'ಸ' ಒತ್ತಿದರೆ 'ಸರ್, ಗುಡ್ ಮಾರ್ನಿಂಗ್' ಎನ್ನುತ್ತದೆ. ಕೆಲಸಕ್ಕೆ ಟ್ಯಾಬ್ ಧಾರಾಳ ಸಾಕು ಗೆಳೆಯರೇ. ನಮ್ಮ ಮ್ಯಾನೇಜರ್ ಲೆಕ್ಕದಲ್ಲಿ ಶಿವಾನಂದ ಅವರಿಗೆ ಒಂದು ಮಾತೂ ಹೇಳಿರಲಿಲ್ಲ; ಈಗ ಈ ಟ್ಯಾಬಿಗೂ ಹೇಳಿಲ್ಲ.