ನೀರು ಹಳೆಯದಾಗುವವರೆಗೆ

ಅಮ್ಮನ ಕಣ್ಣಿನ ನರ ಒಣಗುತ್ತಿದೆ, ಹೋದ ನೋಟ ಮರಳಿ ಬರುವುದಿಲ್ಲ ಎಂದು ಕೋಲಾರದ ಡಾಕ್ಟರು ಹೇಳಿದ ವಾರವೇ ನಾನು ಮೀನು ಸಾಕಲು ಗಾಜಿನ ತೊಟ್ಟಿ ಮಾಡಿಸಿದೆ. ಎಂಬತ್ತರ ದಶಕದ ಮೊದಲ ವರ್ಷಗಳು. ನಾವಿದ್ದದ್ದು ಬೈರಕೂರಿನಲ್ಲಿ, ನಾನು ಬಸ್ಸಿನಲ್ಲಿ ಮುಳಬಾಗಿಲಿಗೆ ಹೋಗಿ ಶಾಲೆಯಲ್ಲಿ ಪಾಠ ಹೇಳುತ್ತಿದ್ದೆ. ಹಿಂದೊಮ್ಮೆ ಬೆಂಗಳೂರಿನ ಹೋಟೆಲೊಂದರಲ್ಲಿ ಅಮ್ಮ ಕೆಂಪು ಮೀನುಗಳನ್ನು ನೋಡುತ್ತ ಕೂತು ಕಾಫಿ ತಣ್ಣಗಾಗಿಸಿಕೊಂಡಿದ್ದಳು. ಕಣ್ಣಿರುವಾಗಲೇ ಅವನ್ನು ಮನೆಯಲ್ಲಿ ಕಣ್ತುಂಬ ನೋಡಲಿ ಎಂದು ನನ್ನ ಹಟ.

ಬಣ್ಣದ ಮೀನು ಮಾರುವ ಬೆಂಗಳೂರಿನ ಅಂಗಡಿಯವನು ಮಾತ್ರ ಅವಸರ ಮಾಡಬೇಡಿ ಎಂದ. ಹೊಸ ನೀರು ಮೀನಿಗೆ ವಿಷವಂತೆ. ಗಿಡ ನೆಟ್ಟು ಒಂದು ತಿಂಗಳು ಬಿಟ್ಟರೆ ನೀರು ಹಳೆಯದಾಗಿ ಹದಕ್ಕೆ ಬರುತ್ತದಂತೆ. ಒಂದು ತಿಂಗಳು! ಅಮ್ಮನ ಕಣ್ಣಿಗೆ ಅಷ್ಟು ವಾಯಿದೆ ಯಾರು ಕೊಟ್ಟಿದ್ದರು?

ನಂಗಲಿ ಕಡೆಯ ಕೆರೆಯಿಂದ ತಂದ ನೀರುಗಿಡಗಳು ಹತ್ತೇ ದಿನಕ್ಕೆ ಹಳದಿಯಾದವು. ಟೊಮೆಟೊ ಬೆಳೆಯುತ್ತಿದ್ದ ಅಪ್ಪ ಬಗ್ಗಿ ನೋಡಿ, "ಹಸಿವು ಕಣಮ್ಮ ಇವಕ್ಕೆ. ಒಂದು ಚಿಟಿಕೆ ಯೂರಿಯಾ ಹಾಕು" ಎಂದರು. ನಾನು ಓದಿದವಳು, ಒಂದು ಚಿಟಿಕೆಗೆ ಬದಲು ಒಂದು ಹಿಡಿ ಹಾಕಿದೆ. ಗಿಡ ಬೇಗ ಚಿಗುರಿದರೆ ನೀರೂ ಬೇಗ ಹದಕ್ಕೆ ಬರುತ್ತದೆಂದು ನನಗೆ ನಾನೇ ಲೆಕ್ಕ ಹಾಕಿಕೊಂಡಿದ್ದೆ.

ನಾಲ್ಕು ದಿನಕ್ಕೆ ಎಲೆ ಹಸಿರಾಯಿತು. "ಹಸಿರು ಕಾಣ್ತೈತೆ ಕಣೇ" ಎಂದಳು ಅಮ್ಮ. ನಾನು ಕುಣಿದಾಡಿದೆ. ವಾರ ತುಂಬುವುದರೊಳಗೆ ನೀರೇ ಹಸಿರಾಗಿ, ಮೂಗು ಮುಚ್ಚಿಕೊಳ್ಳುವಂಥ ವಾಸನೆ ಹೊಡೆಯಿತು.

"ಯೂರಿಯಾನಾ? ಮೀನು ಬಿಟ್ಟಿದ್ರೆ ಒಂದೇ ದಿನಕ್ಕೆ ಸಾಯ್ತಿದ್ವು. ಎಲ್ಲಾ ಚೆಲ್ಲಿ ಮೊದಲಿಂದ ಶುರು ಮಾಡಿ" ಎಂದ ಅಂಗಡಿಯವನು, ಮತ್ತೆ ಕೇಳಲು ಹೋದಾಗ. ನೀರನ್ನು ಬಚ್ಚಲಿಗೆ ಸುರಿಯುವಾಗ ನನ್ನ ಕೈಯನ್ನೇ ಕಡಿದುಹಾಕುವಷ್ಟು ಸಿಟ್ಟು ಬಂದಿತ್ತು. ಹೋದದ್ದು ನನ್ನ ದಿನಗಳಾಗಿದ್ದರೆ ಹೋಗಲಿ ಎನ್ನುತ್ತಿದ್ದೆ.

ಎರಡನೆಯ ಸಲ ಗಿಡಕ್ಕೆ ಏನೂ ಹಾಕಲಿಲ್ಲ, ದಿನ ಎಣಿಸಿದೆ. ಅಷ್ಟರಲ್ಲಿ ಅಮ್ಮ ಅಕ್ಕಿ ಆರಿಸುವುದನ್ನು ಬಿಟ್ಟಳು. ಬಾಗಿಲಿಗೆ ಭುಜ ತಾಗಿಸಿಕೊಂಡು, "ಈ ಬಾಗಿಲೊಂದು" ಎಂದು ಬೈದಳು. ಕಾಣುತ್ತದೇನಮ್ಮ ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ.

ತಿಂಗಳು ತುಂಬಿದ ಭಾನುವಾರ, ಎರಡು ಕೆಂಪು ಮೀನು ತರುತ್ತೇನೆಂದು ಅಮ್ಮನಿಗೆ ಹೇಳಿ ಬೆಂಗಳೂರಿಗೆ ಹೋದೆ. ನೀರು ತುಂಬಿದ ಪ್ಲಾಸ್ಟಿಕ್ ಚೀಲವನ್ನು ದಾರಿಯುದ್ದಕ್ಕೂ ಮಡಿಲಲ್ಲಿಟ್ಟುಕೊಂಡು ಬಂದೆ. ಅಮ್ಮ ತೊಟ್ಟಿಯ ಮುಂದೆ ಕುರ್ಚಿ ಹಾಕಿಸಿಕೊಂಡು ಕಾದಿದ್ದಳು. ನಾನು ತೊಟ್ಟಿಯ ಮುಚ್ಚಳ ತೆಗೆದದ್ದೇ ತಡ, ಗಾಜಿಗೆ ಮುಖ ಹತ್ತಿರ ತಂದಳು. ಪ್ರೀತಿ ಉಕ್ಕಿದಾಗ ಅವಳ ಬಾಯಲ್ಲಿ ತೆಲುಗು ಬರುತ್ತಿತ್ತು.

"ಎಷ್ಟು ಕೆಂಪಗವೆ ತಲ್ಲೀ! ಎರಡೂ ಜೊತೇಲೇ ಓಡಾಡ್ತವೆ ನೋಡು. ನನ್ನ ಕಣ್ಣು ತಂಪಾಯ್ತು."

ತೊಟ್ಟಿಯಲ್ಲಿ ಗಿಡಗಳಷ್ಟೇ ಇದ್ದವು. ಮೀನಿನ ಚೀಲ ಇನ್ನೂ ನನ್ನ ಕೈಯಲ್ಲಿತ್ತು.

"ಹೂಂ ಅಮ್ಮ, ಓಡಾಡ್ತವೆ" ಎಂದೆ.