ಹತ್ತಕ್ಕೆ ಹತ್ತು

ರಂಗಪ್ಪ ಮೇಷ್ಟ್ರು ತರಗತಿಗೆ ಬರುವ ಮೊದಲೇ ಅವರ ವಾಸನೆ ಬರುತ್ತಿತ್ತು. ಕೊಳೆತ ಬಾಳೆಹಣ್ಣಿನ ವಾಸನೆ. ಬಗಲಲ್ಲಿ ಹಾಜರಿ ಪುಸ್ತಕ, ಕೈಯಲ್ಲಿ ಬಾಯಿಗೆ ತೆಳು ಬಟ್ಟೆ ಕಟ್ಟಿದ ಒಂದು ಗಾಜಿನ ಬಾಟಲಿ. ಅದರೊಳಗೆ ಕಪ್ಪಾಗಿ ನೀರೊಡೆದ ಹಣ್ಣು, ಅದರ ಮೇಲೆ ಮುತ್ತಿದ ಸಣ್ಣ ನೊಣಗಳು, ಗಾಜಿನ ಮೇಲೆ ತೆವಳುವ ಬಿಳಿ ಹುಳಗಳು. ಅದನ್ನು ದೇವರ ಪ್ರಸಾದದಂತೆ ಜೋಪಾನವಾಗಿ ಮೇಜಿನ ಮೇಲಿಟ್ಟು ಹಾಜರಿ ಕರೆಯುತ್ತಿದ್ದರು. ಮುಂದಿನ ಬೆಂಚಿನಲ್ಲಿ ಕೂರುವ ನಾವು ಐದು ಜನ ಹುಡುಗಿಯರು ದಾವಣಿಯ ಸೆರಗಿನಿಂದ ಮೂಗು ಮುಚ್ಚಿಕೊಂಡರೆ ಅವರಿಗೆ ಸಿಟ್ಟು.

“ಎಂತ ಹೇಸಿಗೆ ನಿಮಗೆ? ಈ ನೊಣದ ಒಳಗೆ ಇರೋದೂ ನಿಮ್ಮ ಒಳಗೆ ಇರೋದೂ ಒಂದೇ ಸರಕು ಕಣ್ರೇ. ಮೂಗು ಬಿಡಿ, ಕಣ್ಣು ತೆರೀರಿ” ಎನ್ನುತ್ತಿದ್ದರು.

ಆ ನೊಣಗಳ ಕಣ್ಣು ಕೆಂಪು. ಸಾವಿರಾರು ನೊಣಗಳಲ್ಲಿ ಎಲ್ಲೋ ಒಂದು ಬಿಳಿ ಕಣ್ಣಿನದು ಹುಟ್ಟುತ್ತದೆ ಎಂದು ಅವರು ಓದಿದ್ದರು. ಅದೊಂದು ಸಿಕ್ಕಿಬಿಟ್ಟರೆ ಅನುವಂಶೀಯತೆಯ ಇಡೀ ಪಾಠವನ್ನು ಬಾಟಲಿಯಲ್ಲೇ ತೋರಿಸಬಹುದು ಎಂಬುದು ಅವರ ಆಸೆ. ಹಲಸಿನ ಕಾಲದಲ್ಲಿ ಬಾಟಲಿಗಳು ಹತ್ತಾಗುತ್ತಿದ್ದವು. ಹೆಡ್‌ಮಾಸ್ತರರು ಮೂಗು ಹಿಡಿದುಕೊಂಡು ಬಂದು, ಅವನ್ನೆಲ್ಲ ಸೈಕಲ್ ನಿಲ್ಲಿಸುವ ಚಪ್ಪರಕ್ಕೆ ಸಾಗಿಸಿದ್ದರು. ರಂಗಪ್ಪ ಮೇಷ್ಟ್ರು ಬಿಡುವಿನ ಹೊತ್ತಿನಲ್ಲಿ ಅಲ್ಲೇ ಕುಕ್ಕರುಗಾಲಲ್ಲಿ ಕೂತು, ಭೂತಗನ್ನಡಿ ಹಿಡಿದು ನೊಣಗಳ ಕಣ್ಣು ನೋಡುತ್ತಿದ್ದರು. ನಮ್ಮ ತೀರ್ಥಹಳ್ಳಿ ಪೇಟೆಯಲ್ಲಿ ಅವರಿಗೆ ನೊಣದ ಮೇಷ್ಟ್ರು ಅಂತಲೇ ಹೆಸರು.

ಅರವತ್ತರ ದಶಕದ ಮೊದಲ ವರ್ಷಗಳು ಅವು. ನಮ್ಮ ಎಸ್ಸೆಸ್ಸೆಲ್ಸಿ ಪುಸ್ತಕದಲ್ಲಿ ಡಿ.ಎನ್.ಎ. ಎಂಬ ಅಕ್ಷರಗಳೇ ಇರಲಿಲ್ಲ. ಮೇಷ್ಟ್ರು ಯಾವುದೋ ಇಂಗ್ಲಿಷ್ ಪತ್ರಿಕೆ ತರಿಸಿ ಓದಿಕೊಂಡು ಬಂದು ಹೇಳಿದರು. ತೆಂಗಿನ ನಾರಿನ ಎರಡು ಹಗ್ಗ, ನಡುವೆ ಬಿದಿರಿನ ಕಡ್ಡಿಗಳನ್ನು ಕಟ್ಟಿ ಒಂದು ಏಣಿ ಮಾಡಿದರು. ಮೇಲಿನ ತುದಿಯನ್ನು ಕಿಟಕಿ ಸರಳಿಗೆ ಕಟ್ಟಿ, ಕೆಳಗಿನ ತುದಿಯನ್ನು ನನ್ನ ಕೈಗೆ ಕೊಟ್ಟು, “ತಿರುಚೇ ಲಲಿತಾ, ಜೋರಾಗಿ ತಿರುಚು” ಎಂದರು. ಏಣಿ ಸುರುಳಿಯಾಯಿತು. “ನೋಡ್ರೋ, ಮನುಷ್ಯನ ಜಾತಕ ಇರೋದು ಇಲ್ಲಿ. ಮೂಗು ಎಷ್ಟುದ್ದ, ಕೂದಲು ಯಾವಾಗ ಉದುರಬೇಕು, ಎಲ್ಲ ಈ ಮೆಟ್ಟಿಲುಗಳ ಮೇಲೆ ಬರೆದಿಟ್ಟಿದೆ” ಎಂದು ಕೂಗುವಾಗ ಅವರ ಕಣ್ಣಲ್ಲಿ ನೀರಿತ್ತು. ಸುಳ್ಳು ಯಾಕೆ ಹೇಳಲಿ, ಅಂಥ ಪಾಠವನ್ನು ನಾನು ಮತ್ತೆಲ್ಲೂ ಕೇಳಿಲ್ಲ. ಆಮೇಲೆ ನಾನೂ ಮೇಡಂ ಆಗಿ ಅದೇ ಪಾಠ ಮಾಡಿದೆ, ಅವರ ಮಾತುಗಳಲ್ಲೇ ಮಾಡಿದೆ.

ಗುಣಗಳನ್ನು ಅವರು ಚೀಟಿ ಎನ್ನುತ್ತಿದ್ದರು. “ಒಂದೊಂದು ವಿಷಯಕ್ಕೂ ನಿಮ್ಮೊಳಗೆ ಎರಡು ಚೀಟಿ. ಒಂದು ಅಪ್ಪಂದು, ಒಂದು ಅಮ್ಮಂದು. ಕೆಟ್ಟ ಚೀಟಿ ಒಂದೇ ಇದ್ರೆ ಬಾಯಿ ಮುಚ್ಚಿಕೊಂಡು ಕೂತಿರುತ್ತೆ, ನಿಮಗೆ ಗೊತ್ತೇ ಆಗಲ್ಲ. ಅಂಥವೇ ಎರಡು ಒಂದು ಮಗು ಪಾಲಿಗೆ ಬಿದ್ವೋ, ಮುಗೀತು. ಒಂದೇ ಮನೆಯೊಳಗೆ ಹೆಣ್ಣು ಕೊಟ್ಟು ತಂದು ಮಾಡಿದ್ರೆ ಎರಡೂ ಕಡೆಯಿಂದ ಅದೇ ಚೀಟಿ ಬರೋ ಸಂಭವ ಜಾಸ್ತಿ.” ಆಮೇಲೆ ಹುಡುಗರ ಕಡೆ ತಿರುಗಿ ಬೈಯುತ್ತಿದ್ದರು. “ಹಸುವಿಗೆ ಹೋರಿ ಬೇಕಾದ್ರೆ ನಾಲ್ಕು ಊರು ಸುತ್ತಿ ಹುಡುಕ್ತೀರಿ. ಮಗಳಿಗೆ ಗಂಡು ಬೇಕಾದ್ರೆ ಮಾತ್ರ ಅಡುಗೆಮನೆ ಹೊಸ್ತಿಲು ದಾಟಲ್ಲ. ಅಕ್ಕನ ಮಗಳೇ ಆಗ್ಬೇಕು ನಿಮಗೆ! ಥೂ!”

ಹುಡುಗರು ಮುಸಿಮುಸಿ ನಗುತ್ತಿದ್ದರು. ನನ್ನ ಪಕ್ಕದಲ್ಲಿ ಕೂತಿದ್ದ ಸರೋಜ ನಗುತ್ತಿರಲಿಲ್ಲ. ಅವಳು ಮೇಷ್ಟ್ರ ಒಬ್ಬಳೇ ಮಗಳು. ಶಾಲೆಯಲ್ಲಿ ಎಲ್ಲರ ಹಾಗೆ ಅಪ್ಪನನ್ನು “ಸಾರ್” ಎನ್ನುತ್ತಿದ್ದಳು.

ಸರೋಜಳಿಗೆ ಗಂಡು ಗೊತ್ತಾಗಿದ್ದ. ಅವಳ ತಾಯಿಯ ಕೊನೇ ತಮ್ಮ ಕೃಷ್ಣಪ್ಪ. ಹೊಸನಗರದ ಕಡೆ ಅವಳ ಅಜ್ಜಿಮನೆ. ಅಲ್ಲಿ ಅಜ್ಜಿಯ ಮಾತೇ ಮಾತು. ಸರೋಜ ಹುಟ್ಟಿದ ದಿನವೇ ತೊಟ್ಟಿಲ ಪಕ್ಕ ನಿಂತು ಅಜ್ಜಿ ಹೇಳಿಬಿಟ್ಟಿದ್ದರಂತೆ, ಇವಳು ನನ್ನ ಕೃಷ್ಣನಿಗೆ ಅಂತ. ಪರೀಕ್ಷೆ ಮುಗಿದ ಬೇಸಿಗೆಯಲ್ಲೇ ಮದುವೆ. ಮುಂದೆ ಓದಬೇಕೆಂದು ಅವಳಿಗೆ ಎಷ್ಟು ಆಸೆ ಇತ್ತೋ ಅದರ ಹತ್ತರಷ್ಟು ಈ ಮದುವೆಯ ಮೇಲೆ ಅಸಹ್ಯವಿತ್ತು.

“ನಾನು ಸಣ್ಣವಳಿದ್ದಾಗ ನನ್ನ ಸಿಂಬಳ ಒರೆಸಿದ ಕೈ ಕಣೆ ಅದು” ಎಂದಳು ಒಂದು ದಿನ. “ಕೃಷ್ಣಮಾವ, ಕೃಷ್ಣಮಾವ ಅಂತ ಅವರ ಹೆಗಲ ಮೇಲೆ ಕೂತು ಊರೆಲ್ಲ ತಿರುಗಿದೀನಿ. ಈಗ ಅವರ ಜೊತೆ... ಥೂ! ನೆನೆಸಿಕೊಂಡ್ರೆ ವಾಕರಿಕೆ ಬರುತ್ತೆ ಮಾರಾಯ್ತಿ.”

“ಅಪ್ಪಂಗೆ ಹೇಳೇ. ಪಾಠದಲ್ಲಿ ಅಷ್ಟು ಕೂಗ್ತಾರಲ್ಲ!”

“ಬಾಯಲ್ಲಿ ಹೇಳಿದ್ರೆ, ಅಜ್ಜಿನ ಕೇಳು ಅಂತಾರೆ. ಬರೆದು ಕೊಡ್ತೀನಿ. ಬರೆದಿದ್ದನ್ನ ಓದಲೇಬೇಕಲ್ಲ ಅವರು.”

ಅವಳು ಬರೆದದ್ದು ಪರೀಕ್ಷೆಯಲ್ಲಿ. ಶಾಲೆಯಲ್ಲೇ ನಡೆಸುವ ಪೂರ್ವಸಿದ್ಧತಾ ಪರೀಕ್ಷೆ ಅದು, ಪ್ರಶ್ನೆಪತ್ರಿಕೆ ಮೇಷ್ಟ್ರದೇ. ನಿಮಗೆ ಗೊತ್ತಿರುವ ಒಂದು ಕುಟುಂಬದ ವಂಶವೃಕ್ಷ ಬರೆದು ಅದರಲ್ಲಿ ಒಂದು ಗುಣ ಹೇಗೆ ಇಳಿದು ಬಂದಿದೆ ತೋರಿಸಿ, ಹತ್ತು ಅಂಕ. ಗಂಡಿಗೆ ಚೌಕ, ಹೆಣ್ಣಿಗೆ ಸೊನ್ನೆ, ಆ ಗುಣ ಇದ್ದವರಿಗೆ ಒಳಗೆ ಮಸಿ ತುಂಬಬೇಕು. ನಾನು ನಮ್ಮ ಮನೆಯವರ ಬೋಳುತಲೆ ಬರೆದು ಬಂದೆ. ಸರೋಜ ಬರೆದದ್ದು ಅಜ್ಜಿಮನೆ. ಮೇಲೆ ಅಜ್ಜ, ಅಜ್ಜಿ. ಅವರೂ ಹತ್ತಿರದ ಸಂಬಂಧದವರೇ. ಅವರ ಕೆಳಗೆ ನಾಲ್ಕು ಮಕ್ಕಳು. ಸರೋಜಳ ತಾಯಿ, ಹುಟ್ಟು ಕಿವುಡರಾದ ಒಬ್ಬ ಮಾವ, ಒಬ್ಬ ಚಿಕ್ಕಮ್ಮ, ಕೊನೆಗೆ ಕೃಷ್ಣಪ್ಪ. ನಡುವಿನ ಇಬ್ಬರೂ ಕಿವುಡರು, ಅವರಿಗೆ ಮಸಿ. ತಾಯಿಯ ಕೆಳಗೆ ಒಂದು ಸೊನ್ನೆ, ಪಕ್ಕದಲ್ಲಿ “ನಾನು”. ಆ ಸೊನ್ನೆಯಿಂದ ಕೃಷ್ಣಪ್ಪನ ಚೌಕಕ್ಕೆ ಓರೆಯಾಗಿ ಒಂದು ಗೆರೆ, ಗೆರೆಯಿಂದ ಕೆಳಗೆ ಇಳಿಬಿದ್ದ ಒಂದು ಪುಟ್ಟ ಖಾಲಿ ಸೊನ್ನೆ. ವಿವರಣೆ ಬರೆಯಬೇಕಾದಲ್ಲಿ ಒಂದೇ ಸಾಲು: ಈ ಮಗುವಿಗೆ ಏನಾಗುತ್ತದೆ?

ಉತ್ತರಪತ್ರಿಕೆ ಕೊಡುವವರೆಗೆ ಒಂದು ವಾರ ನಾವಿಬ್ಬರೂ ಸರಿಯಾಗಿ ಊಟ ಮಾಡಲಿಲ್ಲ. ಆ ದಿನ ಮೇಷ್ಟ್ರು ಒಬ್ಬೊಬ್ಬರನ್ನೇ ಕರೆದು ಕೊಟ್ಟರು. ನನ್ನ ಬೋಳುತಲೆಗೆ ಆರು. ಸರೋಜಳ ಹೆಸರು ಕರೆದಾಗ ಅವರು ತಲೆ ಎತ್ತಲಿಲ್ಲ. “ಚೆನ್ನಾಗಿ ಬರ್ದಿದೀಯ. ಎಲ್ಲ ಸರಿ ಇದೆ” ಎಂದರು. ಅವಳು ಬೆಂಚಿಗೆ ಬಂದು ಹಾಳೆ ಬಿಡಿಸಿದಳು. ಆ ಒಂದು ಸಾಲಿನ ಪ್ರಶ್ನೆಯ ಪಕ್ಕ ಕೆಂಪು ಶಾಯಿಯಲ್ಲಿ ಸರಿ ಗುರುತು. ಅಂಚಿನಲ್ಲಿ ಹತ್ತಕ್ಕೆ ಹತ್ತು.

ಅದಲ್ಲದೆ ಒಂದು ಅಕ್ಷರ ಇಲ್ಲ. ಹೇಸಿಗೆ ಅಂದರೆ ಏನು ಅಂತ ನನಗೆ ಆವತ್ತು ಗೊತ್ತಾಯಿತು. ಕೊಳೆತ ಹಣ್ಣು, ಹುಳ ಎಲ್ಲ ಏನೂ ಅಲ್ಲ. ಮಗಳ ಗೋಳನ್ನು ಓದಿ, ಅರ್ಥ ಮಾಡಿಕೊಂಡು, ಅದಕ್ಕೆ ಅಂಕ ಕೊಟ್ಟ ಆ ಕೆಂಪು ಶಾಯಿ ಇತ್ತಲ್ಲ, ಅದು ಹೇಸಿಗೆ.

ಲಗ್ನಪತ್ರಿಕೆ ನಮ್ಮ ಮನೆಗೂ ಬಂತು. ಅಮ್ಮ ಬೇಡ ಬೇಡ ಎಂದರೂ ಕೇಳದೆ ನಾನು ಮೇಷ್ಟ್ರ ಮನೆಗೆ ಹೋದೆ. ಹಿತ್ತಿಲಲ್ಲಿ ಬಾಟಲಿ ತೊಳೆಯುತ್ತಿದ್ದರು.

“ಸಾರ್, ನೀವೇ ಅಲ್ವಾ ಪಾಠದಲ್ಲಿ ಹೇಳಿದ್ದು?” ಎಂದೆ.

ಅವರು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಚೆನ್ನಾಗಿತ್ತು. “ಪಾಠ ಬೇರೆ, ಮನೆ ಬೇರೆ ಕಣೆ ಲಲಿತಾ. ಅತ್ತೆಯವರಿಗೆ ಮಾತು ಕೊಟ್ಟಾಗಿದೆ. ನನ್ನ ಹೆಂಡತಿ ಮೂರು ದಿನ ಊಟ ಬಿಟ್ಟಿದ್ಲು, ಈ ಸಂಬಂಧ ತಪ್ಪಿಸ್ತೀರಾ ಅಂತ” ಎಂದರು. ಆಮೇಲೆ ದನಿ ತಗ್ಗಿಸಿ, “ನಾನು ಲೆಕ್ಕ ಹಾಕಿದೀನಿ. ಕೃಷ್ಣಪ್ಪನಲ್ಲಿ ಆ ಚೀಟಿ ಇದ್ದೇ ಇದೆ ಅಂತಲೂ ಇಲ್ಲ, ಇವಳಲ್ಲಿ ಇದೆ ಅಂತಲೂ ಇಲ್ಲ. ಎಲ್ಲ ಕೂಡಿ ಗುಣಿಸಿ ನೋಡಿದ್ರೆ ಮಗು ಕಿವುಡಾಗೋ ಸಂಭವ ಹದಿನೆಂಟರಲ್ಲಿ ಒಂದು. ಅಷ್ಟೇ. ಹದಿನೇಳು ನಮ್ಮ ಕಡೆಗಿದೆ” ಎಂದರು.

“ಸರೋಜಂಗೆ ಇಷ್ಟ ಇಲ್ಲ ಸಾರ್.”

“ಅವಳನ್ನ ಯಾರು ಕೇಳ್ತಾರೆ?” ಎಂದರು. ಗದರಿಸಿ ಹೇಳಿದ್ದಲ್ಲ. ನಿಜವಾಗಿ ಅವರಿಗೆ ಅದು ಹೊಸ ಮಾತಾಗಿತ್ತು. ಲೆಕ್ಕದಲ್ಲಿ ಮಗು ಇತ್ತು, ಚೀಟಿ ಇತ್ತು, ಅತ್ತೆ ಇದ್ದರು. ಹುಡುಗಿಯೇ ಇರಲಿಲ್ಲ.

ಮದುವೆಗೆ ಹೋದೆ. ಹೋಗಬಾರದಿತ್ತು. ಆ ಕಿವುಡ ಮಾವನೇ ಪಂಕ್ತಿಯಲ್ಲಿ ಹೋಳಿಗೆ ಬಡಿಸುತ್ತಾ ಬಂದರು. ಅಷ್ಟು ಚೊಕ್ಕಟವಾಗಿ, ನಗುನಗುತ್ತಾ ಕೆಲಸ ಮಾಡುವವರು ಆ ಮನೆಯಲ್ಲಿ ಇನ್ನೊಬ್ಬರಿರಲಿಲ್ಲ. ಅವರ ಕಿವುಡು ನನಗೆ ಹೇಸಿಗೆ ಹುಟ್ಟಿಸಲಿಲ್ಲ. ಹಸೆಮಣೆಯ ಮೇಲೆ ಕಣ್ಣು ಊದಿಸಿಕೊಂಡು ಕೂತ ಹುಡುಗಿ, ಪಕ್ಕದಲ್ಲಿ ತಾನು ಎತ್ತಿ ಆಡಿಸಿದವಳ ಕಡೆ ನೋಡಲಾರದೆ ನೆಲ ನೋಡುತ್ತಿದ್ದ ಆ ಬಡಪಾಯಿ ಕೃಷ್ಣಪ್ಪ, ಮಂಟಪದ ಕಂಬ ಹಿಡಿದು ನಿಂತ ಮೇಷ್ಟ್ರು. ಅದನ್ನೆಲ್ಲ ನೋಡುತ್ತಾ ನಾನು ಎರಡು ಹೋಳಿಗೆ ತಿಂದೆ, ತುಪ್ಪ ಹಾಕಿಸಿಕೊಂಡು ತಿಂದೆ. ಇವತ್ತಿಗೂ ನನಗೆ ಹೋಳಿಗೆ ಸೇರುವುದಿಲ್ಲ.

ಆಮೇಲೆ ಐದು ವರ್ಷ ಅವರಲ್ಲಿ ಯಾರನ್ನೂ ನೋಡಲಿಲ್ಲ. ಓದು ಮುಗಿಸಿ ಸಾಗರದಲ್ಲಿ ಕೆಲಸಕ್ಕೆ ಸೇರಿದ್ದೆ. ಒಂದು ಶನಿವಾರ ಮಧ್ಯಾಹ್ನ ಊರಿಗೆ ಹೊರಟು ಬಸ್ ಸ್ಟ್ಯಾಂಡಿಗೆ ಬಂದರೆ, ಕಲ್ಲುಬೆಂಚಿನ ಮೇಲೆ ಸರೋಜ. ಏಳು ತಿಂಗಳ ಬಸುರಿ. ಆಸ್ಪತ್ರೆಗೆ ತೋರಿಸಲು ಅಪ್ಪನ ಜೊತೆ ಬಂದಿದ್ದಳು. ಸ್ವಲ್ಪ ದೂರದಲ್ಲಿ ಮೂರು ವರ್ಷದ ಅವಳ ಮಗ ನೆಲದಲ್ಲಿ ಕೂತು ಹಳೇ ಟಿಕೀಟುಗಳನ್ನು ಆಯುತ್ತಿದ್ದ. ಅವನ ಬೆನ್ನ ಹಿಂದೆ ಮೇಷ್ಟ್ರು. ಕೂದಲೆಲ್ಲ ಬೆಳ್ಳಗಾಗಿತ್ತು.

ಮೇಷ್ಟ್ರು ಇದ್ದಕ್ಕಿದ್ದಂತೆ ಎರಡೂ ಕೈ ಎತ್ತಿ ಜೋರಾಗಿ ಚಪ್ಪಾಳೆ ತಟ್ಟಿದರು. ಹುಡುಗ ತಿರುಗಿ ನೋಡಿ ನಕ್ಕ. ನನಗೆ ಏನೂ ತಿಳಿಯಲಿಲ್ಲ.

“ಅವನಿಗೆ ಚೆನ್ನಾಗಿ ಕೇಳುತ್ತೆ ಕಣೆ” ಎಂದಳು ಸರೋಜ, ಯಾವ ಭಾವವೂ ಇಲ್ಲದೆ. “ಹುಟ್ಟಿದಾಗಿಂದ ಕೇಳುತ್ತೆ. ಮಾತೂ ಆಡ್ತಾನೆ. ಅಪ್ಪನಿಗೆ ನಂಬಿಕೆ ಇಲ್ಲ. ನಮ್ಮನೆಗೆ ಬಂದ್ರೆ ದಿನಕ್ಕೆ ಹತ್ತು ಸಲ ಹಿಂದಿಂದ ಹೋಗಿ ತಟ್ತಾರೆ. ಮಗು ಮಲಗಿದ್ರೂ ಬಿಡಲ್ಲ. ಈಗ ಇದೊಂದು ಬರುತ್ತಲ್ಲ, ಇನ್ನು ಇದಕ್ಕೂ ಶುರು.” ಅವಳು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಳು. ನನ್ನ ಕೆಲಸದ ಬಗ್ಗೆ, ಓದಿದ್ದರ ಬಗ್ಗೆ ಒಂದು ಮಾತೂ ಕೇಳಲಿಲ್ಲ.

ಮೇಷ್ಟ್ರು ಮತ್ತೆ ತಟ್ಟಿದರು. ಈ ಸಲ ಹುಡುಗ ತಿರುಗಲಿಲ್ಲ. ಅವರು ಒಂದು ಹೆಜ್ಜೆ ಮುಂದೆ ಬಂದು ಇನ್ನೂ ಜೋರಾಗಿ ತಟ್ಟಿದರು. ತಿರುಗಲಿಲ್ಲ. ಮೇಷ್ಟ್ರ ಮುಖ ಬಿಳಿಚಿಕೊಂಡಿತು. ಬಸ್ಸಿಗೆ ಕಾದವರೆಲ್ಲ ನೋಡುತ್ತಿದ್ದಂತೆ ಮತ್ತೆ, ಮತ್ತೆ ತಟ್ಟಿದರು. ಕೈ ಸೋತು, ಅಲ್ಲೇ ಕುಸಿದು ಕೂತರು. ತುಟಿ ಏನೋ ಗುಣುಗುಣಿಸುತ್ತಿತ್ತು, ಲೆಕ್ಕ ಮಾಡುವವರ ಹಾಗೆ. ಸರೋಜ ಇದೆಲ್ಲ ನೋಡಿ ನೋಡಿ ಸಾಕಾದವಳು, ರಸ್ತೆಯ ಕಡೆ ಮುಖ ತಿರುಗಿಸಿದ್ದಳು.

ಹುಡುಗ ಆಟ ಆಡುತ್ತಿದ್ದ. ಬಂದ ನಗುವನ್ನು ತಡೆದುಕೊಂಡು ತುಟಿ ಬಿಗಿ ಹಿಡಿದಿದ್ದ. ನಾನು ನಿಂತಲ್ಲಿಗೆ ಅವನ ಮುಖ ಕಾಣುತ್ತಿತ್ತು, ಮೇಷ್ಟ್ರಿಗೆ ಬೆನ್ನು ಮಾತ್ರ. “ಸಾರ್, ಅವನಿಗೆ ಕೇಳಿಸ್ತು, ನಗ್ತಿದಾನೆ” ಎಂದು ನಾನು ಒಂದು ಮಾತು ಹೇಳಬಹುದಿತ್ತು. ಬಾಯಿ ತುದಿಗೆ ಬಂದಿತ್ತು. ಹೇಳಲಿಲ್ಲ. ತೀರ್ಥಹಳ್ಳಿ ಬಸ್ ಬಂತು. ಹತ್ತಿ ಕಿಟಕಿ ಪಕ್ಕ ಕೂತು, ಬಸ್ಸು ತಿರುಗುವವರೆಗೂ ಅವರ ಮುಖ ನೋಡಿದೆ.